ಹುಳುವಿನ ಮನೆಯಲ್ಲಿ ದೊಡ್ಡಪತ್ರೆ

ನಮ್ಮ ಮನೆಯಲ್ಲಿ ಒಳ್ಳೆಯ ಜಾಗವೆಲ್ಲ ಹುಳುಗಳದ್ದಾಗಿತ್ತು. ನಡುಮನೆ, ಅದಕ್ಕೆ ಅಂಟಿಕೊಂಡ ಕೋಣೆ, ಗಾಳಿಯಾಡುವ ಕಿಟಕಿಗಳು, ಬೇಸಿಗೆಯಲ್ಲೂ ತಣ್ಣಗಿರುವ ಕಲ್ಲುಹಾಸು, ಎಲ್ಲವನ್ನೂ ರೇಷ್ಮೆಹುಳುವಿನ ತಟ್ಟೆಗಳಿಗೆ ಬಿಟ್ಟುಕೊಟ್ಟು ಮನುಷ್ಯರಾದ ನಾವು ಜಗಲಿಯಲ್ಲಿ, ಹಿತ್ತಿಲ ಚಪ್ಪರದಡಿ, ಹಿಪ್ಪುನೇರಳೆ ಸೊಪ್ಪಿನ ಮೂಟೆಗಳ ಸಂದಿಯಲ್ಲಿ ಬದುಕುತ್ತಿದ್ದೆವು. ಜಂಗಮಕೋಟೆ ಕಡೆಯ ನಮ್ಮೂರಿನಲ್ಲಿ ಇದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ಹುಳು ಮೇಯುವ ಕಾಲದಲ್ಲಿ ಒಂದು ಕಡೆ ಕೂರುವುದೆಂಬುದೇ ಇರಲಿಲ್ಲ. ಸೊಪ್ಪು ಕೊಯ್ದು ತರಬೇಕು, ಹರಡಬೇಕು, ಹಿಕ್ಕೆ ತೆಗೆಯಬೇಕು, ತಟ್ಟೆ ಬದಲಿಸಬೇಕು. ಕೊನೆಯ ತಟ್ಟೆಗೆ ಬರುವಷ್ಟರಲ್ಲಿ ಮೊದಲ ತಟ್ಟೆಯವು ಸೊಪ್ಪು ಮುಗಿಸಿ ತಲೆಯೆತ್ತಿರುತ್ತಿದ್ದವು. ಅಪ್ಪ ನಿಂತುಕೊಂಡೇ ಮುದ್ದೆ ನುಂಗುತ್ತಿದ್ದ. ಅಮ್ಮ ನಡೆಯುತ್ತಲೇ ತಲೆ ಬಾಚಿಕೊಳ್ಳುತ್ತಿದ್ದಳು. ನಾನೂ ಹಾಗೇ ಕಲಿತೆ. ಈಗಲೂ ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತರೆ ನನ್ನ ಕಾಲು ತನ್ನಷ್ಟಕ್ಕೆ ಅಲ್ಲಾಡುತ್ತದೆ. ಪಕ್ಕದವರು ನೋಡುತ್ತಾರೆ. ನೋಡಲಿ. ಅಲ್ಲಾಡುವ ಕಾಲಿನಿಂದಲೇ ನಾನು ಹೊಲ ಮಾಡಿದ್ದು, ಶೆಡ್ಡು ಕಟ್ಟಿದ್ದು. ನಾನು ಬೆಳೆದ ರೇಷ್ಮೆಗೂಡು ನೋಡಿ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಯಾರೂ ಮೂಗು ಮುರಿದದ್ದಿಲ್ಲ.

ಹುಳುವಿಗೆ ಘಾಟು ವಾಸನೆ ಆಗದು ಎಂಬುದು ನಮ್ಮಪ್ಪನ ಕಾನೂನು. ಬೀಡಿ ಸೇದಿದವನು ಹೊಸ್ತಿಲು ದಾಟುವಂತಿರಲಿಲ್ಲ. ಊದುಬತ್ತಿ ಹಚ್ಚುವುದು ಗೋಡೆಯಾಚೆ. ಅಮ್ಮನಿಗೆ ಮಲ್ಲಿಗೆ ಮುಡಿಯುವ ಆಸೆ. ಮುಡಿದಳೆಂದರೆ ಆವತ್ತು ನಡುಮನೆಗೆ ಅವಳು ಹೊರಗಿನವಳು. ಎಲ್ಲಕ್ಕಿಂತ ಕಷ್ಟವಾಗಿದ್ದದ್ದು ಒಗ್ಗರಣೆ ಇಲ್ಲದ ಸಾರು. ಹುಳು ಚರ್ಮ ಬಿಡುವ ಮುಂಚೆ ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿ ಸುಮ್ಮನಾಗುತ್ತದೆ, ಅದನ್ನು ನಾವು ಜ್ವರ ಅನ್ನುತ್ತೇವೆ. ಆ ಬಿಡುವಿನಲ್ಲಿ ಮಾತ್ರ ಅಮ್ಮ ಹಿತ್ತಿಲ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ಸೆರಗು ಹಿಡಿದು ನೋಡಿ, ಸಾಸಿವೆ ಸಿಡಿಸುತ್ತಿದ್ದಳು. ಸಾರಿನ ರುಚಿಯಿಂದಲೇ ಹುಳು ಜ್ವರದಲ್ಲಿದೆಯೋ ಮೇಯುತ್ತಿದೆಯೋ ಎಂದು ನಾನು ಹೇಳಬಲ್ಲವನಾಗಿದ್ದೆ.

ಇಂಥ ಮನೆಯ ಬಚ್ಚಲ ಪಕ್ಕದಲ್ಲಿ, ಒಡೆದ ಒರಳುಕಲ್ಲಿನ ಗುಳಿಯಲ್ಲಿ, ಇಡೀ ಊರಿಗೆ ಘಮ್ಮೆನ್ನುವ ದೊಡ್ಡಪತ್ರೆ ಗಿಡ ಬೆಳೆದಿತ್ತು. ಅದು ಅಪ್ಪನ ತಾಯಿ, ನಮ್ಮಜ್ಜಿ, ಹಾಕಿದ್ದು. ಬಚ್ಚಲ ನೀರು ಕುಡಿದು ಅದರ ಎಲೆ ಅಂಗೈಯಷ್ಟಗಲ, ದಪ್ಪಗೆ, ಮೇಲೆ ಬೆಕ್ಕಿನ ಕಿವಿಯಂಥ ಸಣ್ಣ ರೋಮ, ಅಂಚಿಗೆ ಹಲ್ಲು ಕಚ್ಚಿದಂಥ ಕೊರೆ. ಗಂಟಲು ಕಟ್ಟಿದವರಿಗೆ ಅಜ್ಜಿ ಎಲೆಯನ್ನು ಉಪ್ಪಿನ ಹರಳಿನೊಂದಿಗೆ ಅಗಿಯಲು ಕೊಡುತ್ತಿದ್ದಳು. ಪಿತ್ತದ ಗಂಧೆ ಎದ್ದು ಮೈ ಕೆರೆದುಕೊಳ್ಳುತ್ತ ಬಂದವರನ್ನು ಜಗಲಿಯ ಮೇಲೆ ಕೂರಿಸಿ ಬೆನ್ನಿಗೆ ಎಲೆ ತಿಕ್ಕುತ್ತಿದ್ದಳು. ಹೊಟ್ಟೆ ಉಬ್ಬರಿಸಿ ಅಳುವ ಕೂಸಿಗೆ ರಸದ ಎರಡು ಹನಿ. ಜ್ವರ ಬಂದವರ ಹಣೆಗೆ ಬಾಡಿಸಿದ ಎಲೆ. ಮಜ್ಜಿಗೆಯಲ್ಲಿ ಅರೆದರೆ ಅದೇ ಊಟ. ಅದು ಬೀಜ ಬಿಟ್ಟಿದ್ದನ್ನು ನಾನು ಈ ವಯಸ್ಸಿನವರೆಗೂ ಕಂಡಿಲ್ಲ. ಒಬ್ಬರು ಕಡ್ಡಿ ಮುರಿದು ಇನ್ನೊಬ್ಬರ ಕೈಗೆ ಇಡಬೇಕು, ಆಗಲೇ ಅದಕ್ಕೆ ಸಂತಾನ. ಅಜ್ಜಿಗೆ ಇದರ ಬಗ್ಗೆ ಬಹಳ ಜಂಬ. ಕೇಳಿದವರಿಗೆಲ್ಲ ಕಡ್ಡಿ ಕೊಟ್ಟು ಕೊಟ್ಟು, ನಮ್ಮೂರಲ್ಲಿ ಅವಳ ಗಿಡದ ಕಡ್ಡಿ ಹೋಗದ ಹಿತ್ತಿಲೇ ಇರಲಿಲ್ಲ.

ನನ್ನ ತಂಗಿ ಪಾರು ಹುಟ್ಟಿದಾಗಿನಿಂದ ಎದೆ ಕಟ್ಟುವ ಮಗು. ಮೋಡ ಕವಿದರೆ ಸಾಕು, ಅವಳ ಪಕ್ಕೆಲುಬಿನ ಸಂದಿ ಒಳಕ್ಕೆ ಸೇದಿಕೊಂಡು, ಉಸಿರು ಸುಯ್ ಸುಯ್ ಎನ್ನುತ್ತಿತ್ತು. ಅಮ್ಮ ಒಲೆಯ ಕೆಂಡದ ಮೇಲೆ ದೊಡ್ಡಪತ್ರೆ ಎಲೆ ಬಾಡಿಸಿ, ಅಂಗೈಯಲ್ಲಿ ಹಿಂಡಿ, ಜೇನು ಬೆರೆಸಿ ನೆಕ್ಕಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮಗು ಕಫ ಕಕ್ಕಿ ಹಗುರಾಗುತ್ತಿತ್ತು. ಆದರೆ ಅದೇ ಅಮ್ಮ ಹುಳುವಿಗೂ ಸೊಪ್ಪು ಹರಡಬೇಕು. ಅದಕ್ಕೆ ಅವಳೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದಳು: ದೊಡ್ಡಪತ್ರೆ ಎಡಗೈಗೆ, ಹಿಪ್ಪುನೇರಳೆ ಬಲಗೈಗೆ. ಎಡಗೈಯನ್ನು ಸೆರಗಿನಲ್ಲಿ ಸುತ್ತಿ ಬೆನ್ನ ಹಿಂದಿಟ್ಟುಕೊಂಡು, ಬಲಗೈಯೊಂದರಲ್ಲೇ ಸೊಪ್ಪು ಉದುರಿಸುತ್ತ ತಟ್ಟೆಯಿಂದ ತಟ್ಟೆಗೆ ಹೋಗುವ ಅವಳನ್ನು ನೋಡಿದವರು ಕೈ ಮುರಿದಿದೆಯೇನೋ ಅಂದುಕೊಳ್ಳುತ್ತಿದ್ದರು. ಅಪ್ಪನಿಗೆ ಇದು ಗೊತ್ತಿತ್ತು. ಬೆಳೆ ಚೆನ್ನಾಗಿ ಬರುವಷ್ಟು ದಿನ ಗೊತ್ತಿಲ್ಲದವನಂತಿದ್ದ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ಮಳೆಗಾಲದ ಬೆಳೆಗೆ ಹಾಲುತೊಂಡೆ ರೋಗ ಬಿತ್ತು. ಕೊನೆಯ ಜ್ವರ ಎದ್ದು, ಹುಳು ಕಿರುಬೆರಳಷ್ಟಾಗಿ, ಇನ್ನೇನು ಗೂಡು ಕಟ್ಟಬೇಕು ಅನ್ನುವ ಹೊತ್ತು. ಒಂದೊಂದೇ ಊದಿಕೊಂಡು, ಬಿಳಿಚಿ, ತಟ್ಟೆಯ ಅಂಚಿಗೆ ಹತ್ತಿ ಒಡೆದು ಹಾಲಿನಂಥ ನೀರು ಸುರಿಸತೊಡಗಿದವು. ಅದೇ ವಾರ ಜಡಿ ಹಿಡಿದು ಪಾರುವಿನ ಎದೆಯೂ ಕಟ್ಟಿತ್ತು. ಅಮ್ಮ ಬೆಳಗಿನಿಂದ ಒಂದು ಕಾಲು ಒಲೆಯ ಹತ್ತಿರ, ಒಂದು ಕಾಲು ನಡುಮನೆಯಲ್ಲಿ. ಅಪ್ಪ ಸತ್ತ ಹುಳು ತುಂಬಿದ ಮಂಕರಿ ಹೊತ್ತು ಹಿತ್ತಿಲಿಗೆ ಬಂದವನು, ಅಮ್ಮ ಎಲೆ ಹಿಂಡುತ್ತಿರುವುದನ್ನು ನೋಡಿ ನಿಂತುಬಿಟ್ಟ.

“ಕೈ ತೋರ್ಸು.”

“ಎಡಗೈ ಕಣ್ರೀ ಇದು. ಸೊಪ್ಪು ಹಾಕೋ ಕೈ ಅಲ್ಲ.”

“ಎಡಗೈ ಬಲಗೈ ಅಂತ ಹುಳಕ್ಕೇನು ಗೊತ್ತು? ನಿನ್ನ ಸೆರಗೆಲ್ಲ ಅದೇ ನಾತ. ಮನೇನೇ ನಾತ!”

“ನಾತ ಅಲ್ಲ, ಅದು ನಿಮ್ಮ ಮಗಳ ಉಸ್ರು.”

ಅಪ್ಪ ಮಂಕರಿ ಇಳಿಸಿದ. ಒರಳುಕಲ್ಲಿನ ಹತ್ತಿರ ಹೋಗಿ ಗಿಡವನ್ನು ಎರಡೂ ಕೈಯಲ್ಲಿ ಹಿಡಿದು ಬುಡಸಮೇತ ಕಿತ್ತ. ಬಚ್ಚಲ ಒಲೆಯಲ್ಲಿ ನೀರು ಕಾಯುತ್ತಿತ್ತು, ಅದರೊಳಗೆ ತುರುಕಿದ. ರಸ ತುಂಬಿದ ಗಿಡ ಹೊತ್ತಿಕೊಳ್ಳಲಿಲ್ಲ, ಚಟಗುಟ್ಟಿ ಹೊಗೆಯಾಯಿತು. ಆ ಹೊಗೆ ಚಪ್ಪರ ದಾಟಿ, ಜಗಲಿ ದಾಟಿ, ಅವನೇ ಕಾವಲು ಕಾದ ನಡುಮನೆಯೊಳಕ್ಕೆ ನುಗ್ಗಿತು. ಅಪ್ಪ ಗೋಣಿತಾಟು ಹಿಡಿದು ಬಾಗಿಲಲ್ಲಿ ಹೊಗೆ ಬೀಸಿ ಓಡಿಸುತ್ತಿದ್ದ. ಯಾರೂ ನಗಲಿಲ್ಲ.

ಅಮ್ಮ ಮುಖ ತೊಳೆದು, ಪಾರುವನ್ನು ಸೊಂಟಕ್ಕೇರಿಸಿ, ಬಟ್ಟೆಗಂಟು ಹಿಡಿದು ಜಗಲಿಗೆ ಬಂದಳು. ಅವಳ ತವರು ಗೌರಿಬಿದನೂರಿನ ಆಚೆ, ಅಲೀಪುರದ ಹತ್ತಿರದ ಹಳ್ಳಿ. ಅಜ್ಜಿ ಅಡ್ಡ ನಿಂತಳು.

“ಬೆಳೆ ಟೈಮಲ್ಲಿ ಎಲ್ಲಿಗೆ ಹೊರ್ಟ್ಯೇ ತಾಯಿ? ಅವ್ನ ಬುದ್ಧಿ ನಿಂಗೊತ್ತಿಲ್ವಾ?”

“ಗೊತ್ತು ಅತ್ತೆ. ಅದಕ್ಕೇ ಹೊರ್ಟಿರೋದು. ಈ ಮನೇಲಿ ಹುಳ ಇರ್ಲಿ. ಆ ಗಿಡ ಎಲ್ಲಿರುತ್ತೋ ಅಲ್ಲಿ ನನ್ ಮಗು ಇರುತ್ತೆ.”

ನನ್ನ ಕಡೆ ನೋಡಿ, “ನಾಣಿ, ಅಜ್ಜಿಗೆ ನೀರು ಸೇದಿಕೊಡಪ್ಪ” ಎಂದಳು. ಅಪ್ಪ ನಡುಮನೆಯಿಂದ ಹೊರಗೆ ಬರಲಿಲ್ಲ. ಅವನ ಗೋಣಿತಾಟಿನ ಸದ್ದು ಮಾತ್ರ ಕೇಳುತ್ತಿತ್ತು.

ಅಂದಿನಿಂದ ಅಮ್ಮನ ಕೆಲಸವೆಲ್ಲ ನನ್ನ ಮೈಮೇಲೆ ಬಿತ್ತು. ಬೆಳಕು ಹರಿಯುವ ಮುಂಚೆ ತೋಟ, ಆಮೇಲೆ ತಟ್ಟೆ, ಮತ್ತೆ ತೋಟ. ಬದುಕಿ ಉಳಿದ ಹುಳುಗಳು ಮೇಯುತ್ತಲೇ ಇದ್ದವು. ಬೆರಳ ಸಂದಿಯೆಲ್ಲ ಸೊಪ್ಪಿನ ಹಾಲು ಅಂಟಿ ಕಪ್ಪಾಯಿತು. ಮೇಷ್ಟರು ಒಮ್ಮೆ ಸೈಕಲ್ ನಿಲ್ಲಿಸಿ, “ಏನೋ ನಾರಾಯಣ, ಸ್ಕೂಲು ಬೇಡ್ವೇನೋ?” ಎಂದಾಗ ನಾನು ತಲೆಯ ಮೇಲಿನ ಹೊರೆ ಇಳಿಸದೆ, “ಬೆಳೆ ಆಗ್ಲಿ ಸಾರ್” ಎಂದೆ. ಬೆಳೆ ಆಯಿತು, ಮುಂದಿನ ಬೆಳೆ ಬಂತು. ನಾನು ಮತ್ತೆ ಆ ಕಡೆ ಹೋಗಲಿಲ್ಲ. ಇದಕ್ಕೆ ಅಯ್ಯೋ ಅನ್ನುವವರು ಇದ್ದಾರೆ. ನಾನು ಅನ್ನುವುದಿಲ್ಲ. ಆ ಮಳೆಗಾಲದಲ್ಲಿ ನನಗೆ ಗೊತ್ತಾದದ್ದು, ನಾನು ಬೆನ್ನು ಬಗ್ಗಿಸಿದರೆ ಒಂದು ಮನೆ ನಿಂತುಕೊಳ್ಳುತ್ತದೆ ಎಂಬುದು. ಬೇಡವಾಗಿದ್ದದ್ದು ಕೆಲಸವಲ್ಲ, ಕೆಲಸ ಮುಗಿದ ಮೇಲಿನ ಹೊತ್ತು. ಜಗಲಿಯಲ್ಲಿ ಕಾಲು ಚಾಚಿದರೆ, ಪಾರುವಿನ ಸುಯ್ ಸುಯ್ ಇಲ್ಲದ ಮನೆ ಕಿವಿಗೆ ಹೊಡೆಯುತ್ತಿತ್ತು. ಅವಳು ಅಲ್ಲಿ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ತಿಳಿಯದೆ ಎದ್ದು, ಕೊಟ್ಟಿಗೆಗೆ ಹೋಗಿ, ಬಾವಿಗೆ ಹೋಗಿ, ಬಂದು, ಮತ್ತೆ ಏಳುತ್ತಿದ್ದೆ. ಅಪ್ಪನೂ ಹಾಗೇ. ನಾವಿಬ್ಬರೂ ಒಬ್ಬರಿಗೊಬ್ಬರು ಎದುರಾಗಿ, ದಾರಿ ಬಿಟ್ಟುಕೊಂಡು ಓಡಾಡುತ್ತಿದ್ದೆವು.

ಗೂಡು ಬಿಡಿಸುವ ದಿನ ಪಕ್ಕದ ಮನೆಯ ಮುನಿಯಪ್ಪ ಸಹಾಯಕ್ಕೆ ಬಂದ. ಮಾತಿನ ನಡುವೆ ಅವನು, “ನಮ್ಮನೇಲೂ ಅರ್ಧ ಹಾಲುತೊಂಡೆ ಕಣಣ್ಣ. ಮೇಲಿನ ಬೀದೀಲೂ ಅದೇ ಕಥೆ. ಈ ಜಡಿಗೆ ನೆಂದ ಸೊಪ್ಪು ಹಾಕಿದ್ದಕ್ಕೋ ಏನೋ” ಎಂದ. ಅವನ ಮನೆಯಲ್ಲಿ ಎಳೆಮಕ್ಕಳಿರಲಿಲ್ಲ, ಎಲೆ ಹಿಂಡುವ ಕೈಯೂ ಇರಲಿಲ್ಲ. ಅಪ್ಪ ಗೂಡು ಬಿಡಿಸುತ್ತಿದ್ದ ಕೈ ನಿಲ್ಲಿಸಿ, ಮತ್ತೆ ಬಿಡಿಸತೊಡಗಿದ. ಸಂಜೆ ಅಜ್ಜಿಯ ಎದುರು ನಿಂತು ಮೇಲೆ ನೋಡುತ್ತ ಹೇಳಿದ:

“ಮುನಿಯಪ್ಪನ ಹಿತ್ಲಲ್ಲಿ ಒಂದು ಕಡ್ಡಿ ಇಸ್ಕೊಂಡು ಬಾರಮ್ಮ. ಅಲ್ಲೇ ಕಲ್ಲಲ್ಲಿ ಚುಚ್ಚಿಬಿಡು.”

“ನಾನಾ? ಅದು ನಾನು ಕೊಟ್ಟಿದ್ದು ಕಣೋ.”

“ಕೊಟ್ಟಿದ್ರೇನು? ಒಂದು ಕಡ್ಡಿ ತಾನೇ.”

“ಕೊಟ್ಟ ಮದ್ದು ವಾಪಸ್ ಕೇಳಬಾರ್ದು. ಕೇಳಿ ತಂದ್ರೆ ಅದು ಮದ್ದಲ್ಲ, ಬರೀ ಸೊಪ್ಪು. ನಿಮ್ಮಜ್ಜಿ ನಂಗೆ ಹೇಳಿದ್ದು, ನಾನು ಇಲ್ಲೀವರ್ಗೂ ಮೀರಿಲ್ಲ. ಕಿತ್ತೋನು ನೀನು. ನಂಗ್ಯಾಕೆ ಹೇಳ್ತೀಯಾ? ನಮ್ಮ ಕಡ್ಡಿ ಅಲ್ಲದ್ದು ಎಲ್ಲಾದ್ರೂ ಸಿಕ್ರೆ ತಗೊಂಡು ಬಾ, ಹೋಗು.”

ಅಪ್ಪನಿಗೆ ಅಜ್ಜಿಯ ಮಾತು ಮೀರುವ ಧೈರ್ಯವಿರಲಿಲ್ಲ. ಗುಣ ಹೋದ ಗಿಡ ತಂದು ಮಗುವಿಗೆ ಕುಡಿಸುವ ಧೈರ್ಯವಂತೂ ಮೊದಲೇ ಇರಲಿಲ್ಲ. ಮರುದಿನದಿಂದ ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ದೊಡ್ಡಪತ್ರೆ ಹುಡುಕಲು ಹೊರಟ. ಯಾರನ್ನೂ ಏನನ್ನೂ ಕೇಳಿ ಅಭ್ಯಾಸವಿಲ್ಲದ ಮನುಷ್ಯ. ಅವರಿವರ ಬೇಲಿಯ ಪಕ್ಕ ನಿಂತು ಕೆಮ್ಮುತ್ತಿದ್ದ, ಕೇಳುವ ಕೆಲಸ ನನ್ನದು. ಪಕ್ಕದ ಊರಿನ ಮುದುಕಿಯೊಬ್ಬಳು, “ನಿಮ್ಮಜ್ಜಿ ಕೊಟ್ಟಿದ್ದೇ ಅಲ್ವೇನೋ ಇದು? ಅವ್ರ ಮನೇಲೇ ಇಲ್ವಂತಾ?” ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಇನ್ನೊಂದು ಮನೆಯದ್ದು ಆ ಮುದುಕಿ ಕೊಟ್ಟದ್ದು. ಕೊನೆಗೆ ಶಿಡ್ಲಘಟ್ಟದಲ್ಲಿ, ಅಪ್ಪ ಗೂಡು ಕೊಡುತ್ತಿದ್ದ ನೂಲು ತೆಗೆಯುವ ಸಾಹೇಬರ ಮನೆಗೆ ಹೋದೆವು. ಬೇಯುವ ಗೂಡಿನ ವಾಸನೆಯ ನಡುವೆ ತಗಡಿನ ಡಬ್ಬಿಯಲ್ಲಿ ಗಿಡ ಸೊಂಪಾಗಿತ್ತು. ಅಪ್ಪನ ಮುಖ ಅರಳಿತು. ಪರದೆಯ ಹಿಂದಿನಿಂದ ಅವರ ಹೆಂಡತಿಯ ಧ್ವನಿ ಬಂತು:

“ಅರೇ ನಾರಾಯಣನ್ ಅಬ್ಬಾ, ನಿಮ್ದು ಅಮ್ಮಾನೇ ಕೊಟ್ಟಿದ್ದಲ್ಲಾ! ನಮ್ ಚಿಕ್ಕೋನ್ಗೆ ಖಾಂಸಿ, ಕೆಮ್ಮು ಆಗಿದ್ದಾಗ. ಅಮ್ಮಾ ಚೆನ್ನಾಗವ್ರಾ?”

ಸಾಹೇಬರು ಟೀ ತರಿಸಿದರು. ಅಪ್ಪ ಕುಡಿಯದೆ ಎದ್ದ. ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ನಡೆಯುತ್ತ ಅವನು ಹೇಳಿದ್ದು ಇಷ್ಟೇ: “ನಮ್ಮನೆ ಮುದ್ಕಿ ಒಂದು ಮನೇನೂ ಬಿಟ್ಟಿಲ್ಲ.”

ಅಜ್ಜಿಯ ಕಡ್ಡಿ ಹೋಗದೆ ಇನ್ನು ಉಳಿದದ್ದು ಒಂದೇ ಮನೆ. ಅಮ್ಮನ ತಾಯಿ, ನಮ್ಮ ಅಮ್ಮಮ್ಮನ ಮನೆ. ಆ ಹೊಸ್ತಿಲನ್ನು ಅಪ್ಪ ಮದುವೆಯಾದ ಮೇಲೆ ತುಳಿದಿರಲಿಲ್ಲ. ಧಾರೆಯ ದಿನ ಅಮ್ಮಮ್ಮ, ಹುಳ ಸಾಕೋರ ಮನೇಲಿ ನನ್ನ ಮಗಳಿಗೆ ಮಲಗೋಕಾದ್ರೂ ಜಾಗ ಇದ್ಯಾ, ಎಂದು ಎಲ್ಲರ ಮುಂದೆ ಕೇಳಿಬಿಟ್ಟಿದ್ದಳಂತೆ. ಅದನ್ನು ಅಪ್ಪ ಮರೆತಿರಲಿಲ್ಲ. ಗೂಡು ಮಾರಿದ ಮರುದಿನ ಬೆಳಿಗ್ಗೆ ಗಡ್ಡ ಕೆರೆದು, ಒಗೆದ ಪಂಚೆ ಉಟ್ಟು, “ಬಾರೋ, ಹೋಗಣ” ಎಂದ. ಈ ಸಲ ಸೈಕಲ್ ಇಲ್ಲ, ಬಸ್ಸು.

ನಾವು ಹೋದಾಗ ಅಮ್ಮ ಬಾವಿಯ ಕಟ್ಟೆಯ ಹತ್ತಿರ ಪಾತ್ರೆ ಬೆಳಗುತ್ತಿದ್ದಳು. ನನ್ನನ್ನು ನೋಡಿ ಎದ್ದವಳು, ಹಿಂದೆ ಅಪ್ಪನನ್ನು ಕಂಡು ಮತ್ತೆ ಕೂತಳು. ಪಾರು ಕೋಳಿಮರಿಯ ಹಿಂದೆ ಓಡುತ್ತಿದ್ದಳು. ಓಡಿ ಬಂದು ನನ್ನ ಕಾಲು ತಬ್ಬಿದಾಗ ನಾನು ಮೊದಲು ಮಾಡಿದ್ದು ಅವಳ ಬೆನ್ನಿಗೆ ಕಿವಿ ಇಟ್ಟದ್ದು. ಸದ್ದಿಲ್ಲ. ಅವಳ ಕೊರಳು, ಕೂದಲು, ಎಲ್ಲ ದೊಡ್ಡಪತ್ರೆಯ ಘಮ. ಬಾವಿಯ ಸುತ್ತ ಅದೇ ಗಿಡದ ಮೆಳೆ. ಅಮ್ಮಮ್ಮ ಚಾಪೆ ಹಾಸಿ, “ಕೂತ್ಕೊಳ್ಳಿ ಅಳಿಯಂದ್ರೇ, ನಮ್ಮನೇಲಿ ಜಾಗ ಇದೆ” ಎಂದಳು. ಅಪ್ಪ ಕೂರಲಿಲ್ಲ. ಕಂಬ ಹಿಡಿದು ನಿಂತ. ನೀರು ಬಂತು, ಕುಡಿದ. ಮಳೆಯ ಮಾತಾಯಿತು. ಅಮ್ಮ ಬೂದಿ ಹಾಕಿ ಪಾತ್ರೆ ತಿಕ್ಕುತ್ತಲೇ ಇದ್ದಳು. ನನಗೆ ಓಡಿಹೋಗಬೇಕು ಅನಿಸುತ್ತಿತ್ತು. ಕೊನೆಗೆ ಅಪ್ಪ ಬಾವಿಯ ಕಡೆ ಗದ್ದ ತೋರಿಸಿದ.

“ಅದ್ರಲ್ಲಿ ಒಂದು ಕಡ್ಡಿ ಬೇಕಾಗಿತ್ತು.”

“ಯಾರ್ಗೆ?” ಅಮ್ಮಮ್ಮ ಕೇಳಿದಳು. “ಮಗೂಗೆ ಅಂದ್ರೆ, ಮಗು ಇಲ್ಲೇ ಆರಾಮಾಗಿದೆ.”

“ನಂಗೇ.”

“ನಿಮ್ಗಾ? ಏನಾಗಿದೆ? ಕೆಮ್ಮಾ, ಪಿತ್ತಾನಾ?”

ಅಪ್ಪನ ಕಿವಿ ಕೆಂಪಾದವು. “ಏನಾಗಿದೆ ಅಂತ ನಿಮ್ಮ ಮಗಳಿಗೆ ಗೊತ್ತು. ಅವಳನ್ನೇ ಕೇಳಿ.”

ಪಾತ್ರೆಯ ಸದ್ದು ನಿಂತಿತು. ಅಮ್ಮ ತಲೆಯೆತ್ತಲಿಲ್ಲ. ಅಮ್ಮಮ್ಮ ಮಗಳನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿ, ಮೂಲೆಯಲ್ಲಿದ್ದ ಗುದ್ದಲಿ ಎತ್ತಿಕೊಂಡಳು. “ಆ ಕಾಯಿಲೆಗೆ ಕಡ್ಡಿ ಎಲ್ಲಿ ಸಾಲುತ್ತೆ? ಗಿಡಾನೇ ಬೇಕು” ಎನ್ನುತ್ತ ಒಂದು ದೊಡ್ಡ ಬುಡವನ್ನು ಮಣ್ಣಿನ ಹೆಂಟೆಯೊಂದಿಗೆ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ ಅಪ್ಪನ ಕೈಗಿಟ್ಟಳು. ಅಮ್ಮ ಆಗಲೂ ಬರುತ್ತೇನೆ ಅನ್ನಲಿಲ್ಲ. ಕೈ ತೊಳೆದು, ನನಗೆ ಹೇಳುವವಳಂತೆ, “ಪಾರೂನ ಚಿಕ್ಕಬಳ್ಳಾಪುರದ ಡಾಕ್ಟ್ರಿಗೆ ಒಂದ್ಸಲ ತೋರಿಸ್ಬೇಕಾಗಿತ್ತು. ಅಲ್ಲೀವರ್ಗೂ ಬರ್ತೀನಿ. ಆಮೇಲಿಂದು ಆಮೇಲೆ” ಎಂದಳು. ಅವಳ ಬಟ್ಟೆಗಂಟು ಗೂಟದ ಮೇಲೇ ಇತ್ತು. ಅವಳು ಹೆಗಲಿಗೆ ಹಾಕಿಕೊಂಡದ್ದು ಪಾರುವಿನ ಚೀಲ ಮಾತ್ರ.

ಬಸ್ಸಿನಲ್ಲಿ ಅಮ್ಮ, ಪಾರು ಕಿಟಕಿಯ ಹತ್ತಿರ. ಅವರ ಹಿಂದಿನ ಸೀಟಿನಲ್ಲಿ ನಾನು ಮತ್ತು ಅಪ್ಪ, ಅಪ್ಪನ ತೊಡೆಯ ಮೇಲೆ ಗಿಡ. ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅಮ್ಮ ನಮ್ಮೂರಿನ ಬಸ್ಸು ಹತ್ತುತ್ತಾಳೋ, ತವರಿಗೆ ವಾಪಸ್ಸು ಹೋಗುವುದನ್ನೋ ಎಂದು ನಾನು ಲೆಕ್ಕ ಹಾಕುತ್ತಲೇ ಇದ್ದೆ. ಬಸ್ಸು ಕುಲುಕಿದಾಗೆಲ್ಲ ಎಲೆಗೆ ಎಲೆ ಉಜ್ಜಿ ಘಮ ಏಳುತ್ತಿತ್ತು. ಮಂಚೇನಹಳ್ಳಿಯಲ್ಲಿ ಹತ್ತಿದ, ಕಂಕುಳಲ್ಲಿ ಕೂಸಿದ್ದ ಹೆಂಗಸು, “ದೊಡ್ಡಪತ್ರೆನಾ ಅಣ್ಣ? ಒಂದು ಕಡ್ಡಿ ಕೊಡಣ್ಣ, ಮಗೀಗೆ ಶೀತ” ಎಂದಳು. ಅಪ್ಪ ಅಮ್ಮನ ಬೆನ್ನನ್ನು ನೋಡಿದ. ಬೆನ್ನು ಅಲುಗಲಿಲ್ಲ. ಮುರಿದು ಕೊಟ್ಟ. ಅದನ್ನು ಕಂಡು ಬುರ್ಖಾದ ಅಜ್ಜಿಯೊಬ್ಬರು ಕೈ ಚಾಚಿದರು, ಅವರಿಗೂ ಕೊಟ್ಟ. ಕಂಡಕ್ಟರ್ ಬಂದು, “ನಂಗೂ ಎರಡೆಲೆ ಹಾಕಿ ಯಜಮಾನ್ರೇ, ರೈಟ್ ರೈಟ್ ಅಂದೂ ಅಂದೂ ಗಂಟ್ಲು ಹೋಗಿದೆ” ಎಂದ. ಬಸ್ಸೆಲ್ಲ ನಕ್ಕಿತು. ಒಗ್ಗರಣೆಗೆ ಗಾಳಿಯ ದಿಕ್ಕು ನೋಡಿಸುತ್ತಿದ್ದ ಅಪ್ಪನ ಅಂಗೈ ಹಸಿರಾಗಿ, ಪಂಚೆಯೆಲ್ಲ ರಸವಾಗಿ, ಇಡೀ ಬಸ್ಸಿಗೆ ಅವನೇ ನಾರುತ್ತಿದ್ದ. ಕೊಡುವುದನ್ನು ನಿಲ್ಲಿಸಲು ಅವನಿಗೆ ತಿಳಿಯುತ್ತಿರಲಿಲ್ಲ, ಕೈ ಸುಮ್ಮನಿದ್ದರೆ ಏನು ಮಾಡಬೇಕೆಂದೂ ತಿಳಿಯುತ್ತಿರಲಿಲ್ಲ. ಗಿಡ ಬೋಳಾಗುತ್ತ ಬಂತು. ಚಿಕ್ಕಬಳ್ಳಾಪುರದ ಮನೆಗಳು ಕಾಣಿಸತೊಡಗಿದವು. ಮುಂದಿನ ಸಾಲಿನಿಂದ ಇನ್ನೊಬ್ಬಾಕೆ ತಿರುಗಿ, “ಅಣ್ಣ, ನಂಗೊಂದು” ಎಂದಳು. ಅಪ್ಪನ ಬೆರಳು ಗಿಡದ ಮೇಲೆ ಹೋಯಿತು.

ಅಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

“ಸಾಕು ನಿಲ್ಸಿ. ಮನೇಗೂ ಒಂದಿಷ್ಟು ಉಳೀಲಿ.”

ಅಪ್ಪ ಕೈ ಹಿಂದೆ ತೆಗೆದುಕೊಂಡ. ಗೋಣಿಯ ಅಂಚನ್ನು ಗಿಡದ ಸುತ್ತ ಎಳೆದು ಮುಚ್ಚಿ, ಆ ಹೆಂಗಸಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಇಲ್ಲಮ್ಮ. ಮನೇಗೆ ಬೇಕಂತೆ.”